ಬಾಡು ಬಿಟ್ಟ ಕಾರಣ

ಸಿಂಗಸಂದ್ರ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ತಂಗಿ ಧನಲಕ್ಷ್ಮಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಯಜಮಾನರು ಮುನಿರಾಜು ಅವರ ಮಂಡಿನೋವು ಈಗ ಹೇಗಿದೆ? ನೀನು ಕೇಳಿದ್ದಕ್ಕೆ ಉತ್ತರ ಕೊಡಲು ತುಂಬಾ ತಡ ಮಾಡಿದೆ, ಬೈದುಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಮಾಡಲು ಬಿಡುವುದಿಲ್ಲ. ಕಾಗದ ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

“ಬಾಡು ಬಿಟ್ಬಿಟ್ಯಂತೆ, ದೊಡ್ಡ ಮನುಷ್ಯಳಾಗೋದೆ. ಅಮ್ಮನ ಎಡೆಗಾದ್ರೂ ಬರ್ತೀಯೋ ಇಲ್ವೋ?” ಎಂದು ಕೇಳಿದೆಯಲ್ಲ, ಬರುತ್ತೇನೆ. ನಮಗೆ ಅಣ್ಣತಮ್ಮಂದಿರಿಲ್ಲ, ಹಿರಿಯರ ಹಬ್ಬದಲ್ಲಿ ಅಮ್ಮನಿಗೆ ಎಡೆ ಇಡುವವರು ನಾವಿಬ್ಬರೇ. ಆದರೆ ಎಡೆಗೆ ಮಟನ್ ಕೈಮ ಉಂಡೆ ಈ ಸಲ ನೀನೇ ಕಟ್ಟು. ನಾನು ಪಕ್ಕದಲ್ಲಿ ಕೂತು ಹದ ಹೇಳುತ್ತೇನೆ. ನನ್ನ ಎಲೆಗೆ ಬಡಿಸಬೇಡ, ಬಲವಂತವನ್ನೂ ಮಾಡಬೇಡ. ಕಾರಣ ಹೇಳಲೆಂದೇ ಈ ಕಾಗದ.

ಮೇಲಿನ ಮಹಡಿಗಳನ್ನು ಮಗ ಲೋಕೇಶ ಪಿಜಿ ಮಾಡಿದ್ದು ನಿನಗೆ ಗೊತ್ತೇ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಹುಡುಗ ಹುಡುಗಿಯರಿಗೆ ಇಲ್ಲೇ ಊಟ. ಪ್ಯೂರ್ ವೆಜ್ ಎಂದು ಗೇಟಿಗೆ ಬೋರ್ಡು ಹಾಕಿಸಿದ. ಬೋರ್ಡು ಬಂದ ಮೇಲೆ ಓನರ್ ಮನೆಯಿಂದಲೇ ಬಾಡಿನ ವಾಸನೆ ಬಂದರೆ ಹೇಗೆ ಎಂದ. ಸರಿ, ಟೆರೇಸಿನ ಮೂಲೆಯಲ್ಲಿ ಒಲೆ ಇಟ್ಟುಕೊಂಡು, ಒಣಗಲು ಹಾಕಿದ ಬಟ್ಟೆಗಳ ಮಧ್ಯೆ ಕದ್ದುಮುಚ್ಚಿ ಸಾರು ಕುದಿಸಿದೆ. ಶರ್ಟಿಗೆಲ್ಲ ಮಸಾಲೆ ವಾಸನೆ ಬಂತೆಂದು ಒಬ್ಬ ಹುಡುಗ ದೂರು ಕೊಟ್ಟ. ನಮ್ಮ ಹೊಲ ಇದ್ದ ಜಾಗದಲ್ಲಿ, ನಮ್ಮದೇ ಮನೆಯ ಮೇಲೆ ನಾನು ಕಳ್ಳಿಯಾದೆ. ನಿನ್ನ ಭಾವ ಮಾತ್ರ ಜಾಣರು. ಟೋಲ್ ಹತ್ತಿರದ ಮಿಲಿಟರಿ ಹೋಟೆಲಿನಲ್ಲಿ ಮುಗಿಸಿಕೊಂಡು, ಸೋಂಪು ಜಗಿಯುತ್ತಾ ಮನೆಗೆ ಬರುತ್ತಾರೆ.

ಇಲ್ಲಿ ತಿನ್ನದವರೆಲ್ಲರ ಹತ್ತಿರವೂ ಒಂದೊಂದು ಕಾರಣವಿದೆ ಕಣೆ. ಮೇಲಿನ ರೂಮಿನ ಸಿದ್ಧಾರ್ಥ್‌ನದು ಹುಟ್ಟಿನಿಂದ ಬಂದದ್ದು, ಅವನು ಅದರ ಬಗ್ಗೆ ಯೋಚನೆಯನ್ನೇ ಮಾಡಿಲ್ಲ. ಪಕ್ಕದ ರೂಮಿನ ಹುಡುಗಿ ಕೋಳಿಗಳನ್ನು ತಲೆಕೆಳಗಾಗಿ ಕಟ್ಟಿಕೊಂಡು ಹೋಗುವ ಸ್ಕೂಟರ್ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದಳಂತೆ, ಅವತ್ತೇ ಬಿಟ್ಟಳಂತೆ. ಅಡುಗೆಯ ವನಜಾ ತಾನು ಹಾಲು ಕುಡಿಸಿ ಸಾಕಿದ ಮೇಕೆಯನ್ನು ಮನೆಯವರು ದೇವರಿಗೆ ಕೊಟ್ಟ ಮೇಲೆ ಮುಟ್ಟಿಲ್ಲ. ಅವರೆಲ್ಲ ಕೇಳಿದ ತಕ್ಷಣ ಹೇಳಿಬಿಡುತ್ತಾರೆ. ನಾನು ಡಾಕ್ಟರ್ ಬೇಡವೆಂದರು ಎಂದು ಬೀದಿಯವರಿಗೆ ಹೇಳಿದೆ, ತಿಮ್ಮಪ್ಪನ ಹರಕೆ ಎಂದು ನಿನ್ನ ಭಾವನಿಗೆ ಹೇಳಿದೆ. ಯಾರಿಗೆ ಯಾವುದು ಹೇಳಿದೆನೆಂದು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸವಾಗಿ ಸುಸ್ತಾಗಿದ್ದೇನೆ.

ನಿಜ ನಿನಗೆ ಹೇಳುತ್ತೇನೆ. ಲೋಕೇಶನ ಪಾಪು ಅನ್ನ ತಿನ್ನಲು ಶುರು ಮಾಡಿದಾಗ ನಾನು ತುಪ್ಪ ಹಾಕಿ ಮೆತ್ತಗೆ ಕಲೆಸಿ ಮೊದಲ ತುತ್ತು ಎತ್ತಿದೆ. ಲೋಕೇಶ ನನ್ನ ಮಣಿಕಟ್ಟು ಹಿಡಿದುಕೊಂಡ.

“ಬೇಡಮ್ಮ. ಬಾಡು ತಿನ್ನೋ ಕೈ ಅದು, ಪಾಪುಗೆ ಬೇಡ.”

ಸೊಸೆ ವೇಣಿಯ ಮೇಲೆ ತಪ್ಪು ತಿಳಿಯಬೇಡ. ಅವಳ ತವರಿನಲ್ಲಿ ಯಾರೂ ತಿನ್ನುವುದಿಲ್ಲ, ಆದರೆ ಆ ಹುಡುಗಿ ನನ್ನನ್ನು ಒಂದು ದಿನವೂ ಆಡಿಕೊಂಡಿಲ್ಲ. ನನಗೋಸ್ಕರ ಏನೂ ಬಿಡಬೇಡಿ ಅತ್ತೆ ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಅವಳಿಗೋಸ್ಕರ ಅಲ್ಲ. ನಾನು ಬಿಟ್ಟದ್ದು ಆ ಒಂದು ತುತ್ತಿಗೋಸ್ಕರ. ಯುಗಾದಿಯ ಹೊಸತೊಡಕಿಗೆ ಊರೆಲ್ಲ ಘಮ್ಮೆನ್ನುವಾಗ ನಾನು ತಿಳಿಸಾರು ಕಲೆಸಿಕೊಂಡು ಉಂಡೆ. ಆಸೆ ಸತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಮೂಳೆ ಚೀಪುವ ಕನಸೂ ಬೀಳುತ್ತದೆ.

ಬಿಟ್ಟೆನಪ್ಪ, ಈಗ ತಿನ್ನಿಸಲಾ ಎಂದು ಲೋಕೇಶನನ್ನು ಕೇಳಿದೆ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದ. ಆಮೇಲೆ ಕೇಳಿದರೆ ಸ್ಪೂನಿನಲ್ಲಿ ಆಯಾ ತಿನ್ನಿಸಿದರೇ ಶುಚಿ ಎಂದ. ಮೂರನೆಯ ಸಲ ಮಾತನ್ನೇ ಬೇರೆ ಕಡೆಗೆ ತಿರುಗಿಸಿದ. ಪಾಪುವಿಗೆ ಈಗ ಹಲ್ಲು ಬಂದಿವೆ. ನಾನು ತಟ್ಟೆ ಹಿಡಿದರೆ ಬಾಯಿ ತೆರೆಯುತ್ತದೆ ಕಣೆ, ಎದುರಿಗೆ ಕೂತು ನೋಡುತ್ತೇನೆ. ಈ ಕೈ ಪೂರ್ತಿ ಶುದ್ಧವಾಗುವವರೆಗೆ ಕಾಯೋಣವೆಂದುಕೊಂಡು ಕೈಮ ಉಂಡೆ ಕಟ್ಟಲೂ ಒಪ್ಪುತ್ತಿಲ್ಲ. ನಿನಗೆ ಸಿಟ್ಟು ಬಂದರೆ ಬರಲಿ, ಅಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಬ್ಬದ ಹಿಂದಿನ ದಿನ ಆನೇಕಲ್ ಬಸ್ಸಿಗೆ ಬರುತ್ತೇನೆ. ಬಾಳೆ ಎಲೆ ತರಬೇಡ, ಇಲ್ಲಿಂದ ತರುತ್ತೇನೆ. ನೀನು, ಮುನಿರಾಜು ಇನ್ನೂ ಬಹಳ ಕಾಲ ಹೀಗೇ ಜಗಳವಾಡಿಕೊಂಡು ಜೊತೆಗಿರಿ. ಮಕ್ಕಳಿಗೆ ಒಳ್ಳೆಯದಾಗಲಿ.

ನಿನ್ನನ್ನೇ ನೆನೆಯುವ ಅಕ್ಕ,
ಅನುಸೂಯ

ವಿ.ಸೂ.: ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿದ್ದೆ. ಹೋದ ಭಾನುವಾರ ಪಿಜಿಗೆ ತರಕಾರಿ ತರಲು ಆನೇಕಲ್ ಸಂತೆಗೆ ಬಂದ ಲೋಕೇಶ ನಿಮ್ಮ ಮನೆಗೆ ಬಂದು ನಾಟಿಕೋಳಿ ಸಾರು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡ, ಮನೇಲಿ ಹೇಳಬೇಡ ಚಿಕ್ಕಮ್ಮ ಎಂದ ಎಂದು ನೀನೇ ಖುಷಿಯಿಂದ ಫೋನಿನಲ್ಲಿ ಹೇಳಿದೆ. ಅವತ್ತು ಅವನು ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಪಾಪುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದೇ ಕೈಯಲ್ಲಿ ಮೊಸರನ್ನ ತಿನ್ನಿಸಿದ. ನಾನು ಪಕ್ಕದಲ್ಲೇ ಇದ್ದೆ. ಅವನಿಗೆ ಬೇಡವಾಗಿದ್ದದ್ದು ಬಾಡಲ್ಲ ಕಣೆ, ನನ್ನ ಕೈ. ನನಗೆ ಗೊತ್ತಾಗಿದೆಯೆಂದು ಅವನಿಗೆ ಹೇಳಬೇಡ. ಅವನು ಬಂದರೆ ಬಡಿಸು, ಹೊಟ್ಟೆ ತುಂಬಾ ಬಡಿಸು.