ಹೆನ್‌ಫ್ರಿ ಸಾಹೇಬರ ವಾರಸು

ಬೆಳಗಾವಿ,
ಸೋಮವಾರ, ತಾ. ೧೪ ನವೆಂಬರ್ ೧೯೨೭

ಚಿ. ಸೌ. ರತ್ನಮಾಲಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಸೌ. ಎಂದು ಬರೆಯುವಲ್ಲಿ ಟಾಕು ನಿಂತಿತು. ಮಸಿ ಒಣಗಿತು, ಮತ್ತೆ ಅದ್ದಿದೆ, ಬರೆದೆ. ನೀನು ಬಾಹುಬಲಿಯ ಜೊತೆ ಉಡಿಕೆಯಾಗಿ ಗದಗಿಗೆ ಹೋಗಿ ಮೂರು ವರ್ಷವಾಗುತ್ತ ಬಂತು. ಇಲ್ಲಿ ಕಾಂಗ್ರೆಸ್ಸಿನ ಮಂಡಪ ಏಳುತ್ತಿದ್ದ ದಿನಗಳು ಅವು. ಗಂಡ ಸತ್ತ ಮಗಳಿಗೆ ಎರಡನೆಯ ಸಲ ಸೀರೆ ಉಡಿಸಿ ಮದುವೆ ಮಾಡಿಕೊಡುವುದು ನಮ್ಮ ಜನರಲ್ಲಿ ಎಷ್ಟೋ ಮನೆಗಳಿಗೆ ಉಂಟು, ನಮ್ಮ ಮನೆತನಕ್ಕೆ ಇಲ್ಲ ಎಂದವನು ನಾನು. ಮೊದಲ ವರ್ಷ ನೀನು ಬರೆದ ಎರಡು ಪತ್ರ ಬಂದವು. ಉತ್ತರ ಹಾಕಲಿಲ್ಲ. ಆಮೇಲೆ ನೀನೂ ಬರೆಯಲಿಲ್ಲ. ತಪ್ಪು ನಿನ್ನದಲ್ಲ. ತಡವಾಯಿತು ಎಂದು ಬರೆದರೆ ಅದು ಟಪಾಲಿನವನ ಮೇಲೆ ಹಾಕಿದ ಹಾಗಾಗುತ್ತದೆ, ಆದ್ದರಿಂದ ಅದನ್ನೂ ಬರೆಯುವುದಿಲ್ಲ.

ಈಗ ಬರೆಯಲು ಕಾರಣ ವಿಲಾಯತಿಯ ಒಬ್ಬ ಹೆಣ್ಣುಮಗಳು ಎಂದರೆ ನೀನು ನಗಬಹುದು. ಹೆಸರು ಮಿಸ್ ಹೆನ್‌ಫ್ರಿ. ತನ್ನ ಮನೆತನದ ವಂಶಾವಳಿಯನ್ನು ಅಚ್ಚು ಹಾಕಿಸಬೇಕೆಂದು ಹೊರಟಿದ್ದಾಳೆ. ಅವಳ ಅಜ್ಜನ ಅಣ್ಣ ಕಪ್ತಾನ ಹೆನ್‌ಫ್ರಿ ನಮ್ಮ ಕ್ಯಾಂಪಿನ ಪಲ್ಟಣದಲ್ಲಿದ್ದವನು, ಇಲ್ಲಿಯೇ ಸತ್ತವನು. ಖಾನಾಪುರದ ಆಚೆ ಕಣಕುಂಬಿಯ ದಾರಿಯಲ್ಲಿ ಅವನಿಗೆ ಹನ್ನೊಂದು ಎಕರೆ ಗದ್ದೆ ಇತ್ತು. ಅವರ ಮನೆಯ ಕಾಗದದಲ್ಲಿ ಅವನ ಹೆಸರಿನ ಮುಂದೆ ಮದುವೆಯಿಲ್ಲ, ಸಂತಾನವಿಲ್ಲ ಎಂದಿದೆಯಂತೆ. ಅದಕ್ಕೆ ಇಲ್ಲಿನ ದಾಖಲೆಯ ಆಧಾರ ಬೇಕೆಂದು ಕ್ಯಾಂಪಿನ ಪಾದ್ರಿಗೆ ಬರೆದಳು. ಪಾದ್ರಿಗೆ ಹಳೆಯ ಮರಾಠಿ ದಫ್ತರದ ಮೋಡಿ ಅಕ್ಷರ ಓದುವವನು ಬೇಕಾಗಿತ್ತು, ಯಾರೋ ನನ್ನ ಹೆಸರು ಹೇಳಿದರು.

ನಾನು ಕೂಡಲೇ ಒಪ್ಪಿಕೊಂಡೆ. ನಿನ್ನ ಅವ್ವ ಹೋದ ಮೇಲೆ ಈ ಮನೆಯ ಕುರ್ಚಿಗಳೆಲ್ಲ ಕಾದ ಕಲ್ಲಿನಂತಾಗಿವೆ. ಐದು ನಿಮಿಷ ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ತಿಳಿಯುವುದಿಲ್ಲ. ಬಸದಿಗೆ ಹೋದರೆ ಅಲ್ಲಿಯೂ ಕಂಬ ಎಣಿಸಿ ಬರುತ್ತೇನೆ. ಒಂದು ಕೆಲಸವಾಯಿತಲ್ಲ ಎಂದು ಸಂತೋಷವಾಯಿತು. ಪುಣೆಯ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷು ಹಳೆಯ ಪಾತ್ರೆಯ ಕಲಾಯಿಯಂತೆ ಅಲ್ಲಲ್ಲಿ ಉಳಿದಿದೆ. ಪಾದ್ರಿಯ ಮುಂದೆ ‘ವಿತ್ ಪ್ಲೆಷರ್’ ಎಂದೆ. ಅದರ ಮುಂದಿನ ಮಾತು ಹೊಳೆಯಲಿಲ್ಲ, ನಮಸ್ಕಾರ ಮಾಡಿದೆ.

ಚರ್ಚಿನ ಮದುವೆಯ ಪುಸ್ತಕದಲ್ಲಿ ಮೊದಲ ಆಶ್ಚರ್ಯ ಕಾದಿತ್ತು. ೧೮೪೨ರಲ್ಲಿ ಕಪ್ತಾನನಿಗೆ ಮದುವೆಯಾಗಿದೆ. ಹೆಂಡತಿ ‘ಸಾರಾ, ಇಲ್ಲಿಯ ಹೆಣ್ಣು’. ಗಂಡನ ಪಲ್ಟಣ, ಊರು, ತಂದೆ ಎಲ್ಲವೂ ಇದೆ. ಹೆಂಡತಿಯ ತಂದೆಯ ಹೆಸರಿನ ಜಾಗದಲ್ಲಿ ಒಂದು ಗೀಟು. ಈ ಸಾರಾ ಯಾರು? ಮದುವೆಯ ಪುಸ್ತಕ ಹೇಳದಿದ್ದರೆ ಜಮೀನಿನ ಪುಸ್ತಕ ಹೇಳುತ್ತದೆ ಎಂದು ಮಾರನೆಯ ದಿನವೇ ರೈಲು ಹತ್ತಿ ಖಾನಾಪುರಕ್ಕೆ ಹೋದೆ.

ಅಲ್ಲಿಯ ದಫ್ತರವನ್ನು ಈಗ ಸಿದ್ದಪ್ಪನೆಂಬ ಕಾರಕೂನ ನೋಡಿಕೊಳ್ಳುತ್ತಾನೆ, ಮಾತಿನ ಮನುಷ್ಯ. “ಕುಂದರ್ರಿ ಧರಣೇಂದ್ರಪ್ಪಾರ” ಎಂದು ಎರಡು ಪುಸ್ತಕ ತಂದು ಧೂಳು ಕೊಡವಿದ. “ಇದು ಹಳೇ ಮೋಡಿ ಬುಕ್ಕ. ಇದು ಅದರ ಶುದ್ಧಪ್ರತಿ. ಶುದ್ಧಪ್ರತಿಯೊಳಗ ಬೇವಾರಸ ಅಂತ ಐತಿ, ನೋಡ್ಕೊಂಡು ಹೋಗಿಬಿಡ್ರಿ. ಹಳೇದನ್ನ ಹುಳಾ ಓದತಾವ, ಮನಷ್ಯಾರು ಓದೂದಿಲ್ಲ.”

ನಾನು ಹಳೆಯದನ್ನು ಓದಿದೆ. ‘ಕಪ್ತಾನ ಸಾಹೇಬರ ಲಗ್ನದ ಹೆಂಡತಿ, ಕುರುಬರ ಸಾತವ್ವ, ಕಿರಿಸ್ತಾನ ಹೆಸರು ಸಾರಾ. ಸಾಹೇಬರ ನಂತರ ಜಮೀನು ಮಗಳು ಮಾಯವ್ವನ ಕಡೆ ನಡೆಯತಕ್ಕದ್ದು.’ ಇಷ್ಟು ಸ್ಪಷ್ಟವಾಗಿತ್ತು. ಆಮೇಲೆ ಶುದ್ಧಪ್ರತಿಯ ಅದೇ ಪುಟ ತೆರೆದೆ. ಸಾತವ್ವನೂ ಇಲ್ಲ, ಮಾಯವ್ವನೂ ಇಲ್ಲ. ಕಪ್ತಾನ ಹೆನ್‌ಫ್ರಿ, ಮೃತ, ಬೇವಾರಸು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಆ ಅಕ್ಷರ ನನ್ನದು, ರತ್ನಾ.

೧೮೮೯ರಲ್ಲಿ, ನನಗೆ ಇಪ್ಪತ್ತೆರಡು ವಯಸ್ಸು, ಕಾಲೇಜಿನಿಂದ ನಪಾಸಾಗಿ ಬಂದು ಇದೇ ದಫ್ತರದಲ್ಲಿ ಹೊಸದಾಗಿ ಕಾರಕೂನನಾಗಿದ್ದೆ. ಮೋಡಿ ಓದುವವರು ಕಡಿಮೆಯಾಗುತ್ತಿದ್ದಾರೆಂದು ಹಳೆಯ ಪುಸ್ತಕಗಳನ್ನು ನಕಲು ಮಾಡುವ ಕೆಲಸ ಕೊಟ್ಟಿದ್ದರು. ಜಂಟಲ್‌ಮನ್ ಎಂಬ ಮಾತು ಆಗ ನನ್ನ ತಲೆಯಲ್ಲಿ ಬಹಳ ಇತ್ತು. ಪಲ್ಟಣದ ಸಾಹೇಬನಿಗೆ ಕುರಿ ಕಾಯುವವರ ಹುಡುಗಿ ಹೆಂಡತಿಯೆಂದು ಸರಕಾರಿ ಪುಸ್ತಕದಲ್ಲಿ ಉಳಿಯುವುದು ಮರ್ಯಾದೆಯಲ್ಲ ಎಂದು ನಾನೇ ತೀರ್ಮಾನಿಸಿದೆ. ಯಾರೂ ಹೇಳಿರಲಿಲ್ಲ, ಯಾರೂ ಕೈ ಬೆಚ್ಚಗೆ ಮಾಡಿರಲಿಲ್ಲ. ಸತ್ತ ದೊಡ್ಡ ಮನುಷ್ಯನ ಮಾನ ಕಾಯ್ದೆನೆಂಬ ಹೆಮ್ಮೆಯಲ್ಲಿ ಅಂದು ಸಂಜೆ ಹೊಸ ಕೋಟು ಹಾಕಿಕೊಂಡು ತಿರುಗಾಡಲು ಹೋದದ್ದು ಮಾತ್ರ ನೆನಪಿದೆ. ಉಳಿದದ್ದನ್ನು ಮೂವತ್ತೆಂಟು ವರ್ಷ ಮರೆತಿದ್ದೆ. ಅದೇ ಶುದ್ಧಪ್ರತಿಯನ್ನು ನಂಬಿ ಮುಂದೆ ಆ ಗದ್ದೆಯನ್ನು ಸರಕಾರಿ ಕಾಡಿಗೆ ಸೇರಿಸಿದ್ದಾರೆ.

ಇಲ್ಲಿ ಎದ್ದು ಎರಡು ಸುತ್ತು ಹಾಕಿ ಬಂದೆ. ಮುಂದಿನದನ್ನು ಕೇಳು.

ಮಾಯವ್ವ ತೀರಿಕೊಂಡಿದ್ದಾಳೆ. ಅವಳ ಮಗಳು ಫಕೀರವ್ವ ಆ ಗದ್ದೆಯ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡು ಆಡು ಸಾಕಿಕೊಂಡಿದ್ದಾಳೆ, ನನ್ನ ವಯಸ್ಸಿನವಳೇ. ಚಕ್ಕಡಿ ಮಾಡಿಕೊಂಡು ಹೋದೆ. ಕೋಟು ನೋಡಿದವಳೇ, “ಆಡು ನನ್ನವಲ್ಲರೀ” ಎಂದಳು. ಅವಳ ಆಡು ಆ ಜಾಗಕ್ಕೆ ಕಾಲಿಟ್ಟರೆ ಕಾಡಿನ ಗಾರ್ಡು ಹಿಡಿದು ಕೊಂಡವಾಡಕ್ಕೆ ಹೊಡೆಯುತ್ತಾನಂತೆ, ಬಿಡಿಸಿಕೊಳ್ಳಲು ದಂಡ ಕಟ್ಟಬೇಕಂತೆ.

“ಗಾರ್ಡ್ ಅಲ್ಲವ್ವ. ನಿಮ್ಮ ಅಜ್ಜನ ವಿಚಾರ ಕೇಳಾಕ ಬಂದೀನಿ” ಎಂದೆ.

“ಯಾವ ಅಜ್ಜ? ಕುರಿ ಕಾಯ್ದಾಂವನೋ, ಕುದುರಿ ಹತ್ತಿದಾಂವನೋ?”

“ಕುದುರಿ ಹತ್ತಿದಾಂವ.”

“ಅಂವಂದು ಏನೂ ಉಳದಿಲ್ಲರೀ, ನನ್ನ ಕಣ್ಣ ಬಿಟ್ರ” ಎಂದು ನಕ್ಕಳು. ಕಣ್ಣು ಖರೇ ಬೆಕ್ಕಿನ ಕಣ್ಣು, ತಿಳಿ ಹಸಿರು. ಮಜ್ಜಿಗೆ ತಂದಿಟ್ಟು ತಾನೇ ಹೇಳಿದಳು: “ನಮ್ಮವ್ವ ಸಾಯೂತನಕ ಆ ಗದ್ದಿ ಬದುವಿನ ಮ್ಯಾಲ ಹೋಗಿ ಕುಂದರತಿದ್ಲು. ಗಾರ್ಡ್ ಬಂದು ಎಬ್ಬಸಾಂವ. ಹತ್ತ ಮಾರು ಹೋಗಿ, ಅಂವ ಮರಿಯಾದ ಮ್ಯಾಲ ಹೊಳ್ಳಿ ಬಂದು ಕುಂದರಾಕಿ. ಬುಕ್ಕಿನಾಗ ನಿನ್ನ ಹೆಸರ ಇಲ್ಲ ಅಂದ್ರಂತ ಕಚೇರ್ಯಾಗ. ಆ ಬುಕ್ಕ ಬರದಾಂವನ ಕೈ ಒಮ್ಮೆ ನೋಡಬೇಕು ಅಂತಿದ್ಲು. ಬಯ್ಯಾಕಲ್ಲ, ಹೆಂಗೈತಿ ಅಂತ ನೋಡಾಕ.”

ನಾನು ಬಲಗೈಯನ್ನು ಕೋಟಿನ ಕಿಸೆಗೆ ಇಳಿಸಿದೆ. ಎಡಗೈಯಿಂದ ಮಜ್ಜಿಗೆ ಕುಡಿದು ಎದ್ದು ಬಂದೆ.

ಆಮೇಲೆ ಹದಿನೈದು ದಿನ ನಾನು ಮನುಷ್ಯನಾಗಿರಲಿಲ್ಲ. ಎರಡು ಸಲ ಸ್ಟೇಷನ್ನಿನವರೆಗೆ ಹೋಗಿ ತಿರುಗಿ ಬಂದೆ. ಮದುವೆಯಿಲ್ಲ, ಸಂತಾನವಿಲ್ಲ ಎಂದು ಮಿಸ್ಸಿಗೆ ಬರೆದುಬಿಟ್ಟರೆ ಅವಳೂ ಸುಖವಾಗಿರುತ್ತಾಳೆ, ನನ್ನ ಪಿಂಚಣಿಯೂ ಸುಖವಾಗಿರುತ್ತದೆ. ಒಂದು ಕಾಗದವನ್ನು ಹಾಗೆಯೇ ಬರೆದೂ ಇಟ್ಟಿದ್ದೆ. ಹರಿದು ಹಾಕಿ, ಮೊನ್ನೆ ಶನಿವಾರ ಮತ್ತೆ ಫಕೀರವ್ವನ ಅಂಗಳಕ್ಕೆ ಹೋಗಿ, ಆ ಬುಕ್ಕು ಬರೆದವನು ನಾನೇ ಎಂದು ನಿಂತೇ ಹೇಳಿದೆ.

ಅವಳು ಒಂದು ಮರಿಯ ಕಿವಿಯೊಳಗಿನ ಉಣ್ಣೆಹುಳ ತೆಗೆದು ಮುಗಿಸಿದಳು. ಆಮೇಲೆ, “ಅವತ್ತ ಎಡಗೈಲೆ ಕುಡದ್ರಲ್ಲ, ಈ ಮುದುಕಪ್ಪಗ ಬಲಗೈ ಸ್ವಾಧೀನ ಇಲ್ಲೇನೋ ಅಂತ ಕನಿಕರಪಟ್ಟಿದ್ದೆ. ತಗೀರಿ ಹೊರಗ” ಎಂದಳು. ತೆಗೆದೆ. ತಿರುಗಿಸಿ ಮುರುಗಿಸಿ ನೋಡಿ, “ಒಂದು ಹುಲ್ಲಕಡ್ಡಿ ಕಿತ್ತ ಕೈ ಅಲ್ಲ. ಇದಕ್ಕ ನಮ್ಮವ್ವ ಏನೇನೋ ತಿಳಕೊಂಡಿದ್ಲು” ಎಂದು ಬಿಟ್ಟಳು. “ಈಗ ಹೊಳ್ಳಿ ಬರೀತೀರೇನು?”

“ಬರೀತೀನವ್ವ.”

“ಬರೀರಿ. ಕುಡದ ಮಜ್ಜಿಗಿ ಋಣ ತೀರಲಿ. ಕ್ಷಮಾ ಗಿಮಾ ಆಮ್ಯಾಲ ನೋಡೂಣು.”

ಗುರುವಾರ ತಾಲೂಕಿನ ಮಾಮಲೇದಾರರ ಮುಂದೆ ಹೇಳಿಕೆ ಕೊಡುತ್ತೇನೆ. ಅರ್ಜಿ ಕೊಟ್ಟಾಗಿದೆ. ಇಷ್ಟು ವರ್ಷದ ಮೇಲೆ ಗದ್ದೆ ಸಿಗುವುದು ಕಷ್ಟ ಎಂದ ಸಿದ್ದಪ್ಪ, ಹೆಸರಾದರೂ ಸೇರಬಹುದು. ಮಿಸ್ ಹೆನ್‌ಫ್ರಿಗೂ ಇದ್ದದ್ದನ್ನು ಇದ್ದಂತೆ ಬರೆದು ಹಾಕಿದೆ: ಮದುವೆಯಾಗಿತ್ತು, ಮಗಳಿದ್ದಳು, ಮೊಮ್ಮಗಳು ಇದ್ದಾಳೆ. ಅವಳು ಅಚ್ಚು ಹಾಕಿಸುತ್ತಾಳೋ ಬಿಡುತ್ತಾಳೋ ನಾನರಿಯೆ. ಜನ ನನ್ನನ್ನು ಆಡಿಕೊಂಡರೆ ಆ ಮಾತು ಗದಗಿಗೂ ಬಂದೀತು. ಬೇರೆಯವರ ಬಾಯಿಂದ ನೀನು ಕೇಳುವುದು ಬೇಡವೆಂದು ಇಷ್ಟೆಲ್ಲ ಬರೆದೆ.

ಬಾಹುಬಲಿಯವರಿಗೆ ನನ್ನ ನಮಸ್ಕಾರ ತಿಳಿಸು. ಮೈ ಕಡೆ ಲಕ್ಷ್ಯ ಇರಲಿ, ಚಳಿ ಬೀಳುತ್ತಿದೆ. ಜಿನೇಶ್ವರನು ನಿಮ್ಮಿಬ್ಬರನ್ನೂ ನೂರು ವರ್ಷ ಒಟ್ಟಿಗೆ ಇಡಲಿ.

ನಿನ್ನ ಅಪ್ಪ,
ಧರಣೇಂದ್ರ

ತಾ.ಕ. — ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಶನಿವಾರದ ಮಾತು ಅಲ್ಲಿಗೆ ಮುಗಿದಿರಲಿಲ್ಲ. ನಾನು ಹೊರಟು ನಿಂತಾಗ ಫಕೀರವ್ವ ಕೇಳಿದಳು: “ನಿಮಗ ಹೆಣ್ಣಮಕ್ಕಳು ಅದಾವೇನ್ರಿ?”

“ಇಲ್ಲ” ಎಂದೆ.

ಮೂರು ವರ್ಷದಿಂದ ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತ ಬಂದಿದ್ದೇನೆ, ರತ್ನಾ. ಬಸದಿಯಲ್ಲಿ ಹೇಳಿದ್ದೇನೆ, ರೈಲಿನಲ್ಲಿ ಗುರುತಿಲ್ಲದವರಿಗೂ ಹೇಳಿದ್ದೇನೆ. ಬಾಯಿಗೆ ರೂಢಿಯಾಗಿಬಿಟ್ಟಿದೆ. ಅಂದು ಖಾನಾಪುರದ ಸ್ಟೇಷನ್ನಿಗೆ ಬಂದೆ, ಗಾಡಿ ಬಂತು, ಹತ್ತಲಿಲ್ಲ. ಚಕ್ಕಡಿಯವನು ಹೋಗಿಬಿಟ್ಟಿದ್ದ. ಏಳು ಮೈಲಿ ನಡೆದು ಅವಳ ಅಂಗಳಕ್ಕೆ ತಿರುಗಿ ಹೋಗಿ, “ಒಬ್ಬಾಕಿ ಇದ್ದಾಳವ್ವ, ಗದಗಿನೊಳಗ. ಆಕಿಗೂ ಒಂದು ಹೆಣ್ಣ ಕೂಸೈತಿ” ಎಂದೆ.

“ಹೆಸರೇನಿಟ್ಟಾರ?” ಎಂದಳು.

ನಿನ್ನ ಸೋದರತ್ತೆ ಸೋನಾಬಾಯಿ ಯುಗಾದಿಗೆ ಬಂದವಳು ಕೂಸಾದ ಸುದ್ದಿ ಹೇಳಿದ್ದಳು. ಹೆಸರು ಹೇಳುವಷ್ಟರಲ್ಲಿ ನಾನು ಎದ್ದು ಹೊರಗೆ ಹೋಗಿದ್ದೆ. ಗೊತ್ತಿಲ್ಲ ಎಂದೆ. ಫಕೀರವ್ವ ಬೈಯಲಿಲ್ಲ. “ನನ್ನ ಅಜ್ಜಿ ಹೆಸರ ತಿಳಕೊಳ್ಳಾಕ ಬೆಳಗಾವಿಂದ ಬಂದ್ರಿ. ಹೋಗ್ರಿ, ಅದನ್ನೂ ಕೇಳಕೊಂಡ ಬರ್ರಿ” ಎಂದು ಒಳಗೆ ಹೋದಳು.

ಒಂದು ಕಾರ್ಡಿನಲ್ಲಿ ಹೆಸರಷ್ಟೇ ಬರೆದು ಹಾಕು, ಮತ್ತೇನೂ ಬರೆಯದಿದ್ದರೂ ಸರಿ.