ಮುಗಿಲಕ್ಕ ಬಟ್ಟೆ ಬದಲಿಸೋದು

ಜುಲೈ 12, ಶನಿ

...ಅದನ್ನೇ ನಾನೂ ಹೇಳಿದ್ದು. ಫ್ಯಾನ್ ಗ್ರೂಪಲ್ಲಿ ಯಾರ ತಲೆಗೂ ಹೋಗಲ್ಲ. ಕಳ್ಳರನ್ನ ಹಿಡಿಯೋ ನಮ್ಮ ಸೂಪರ್‌ಹೀರೋ ಮುಗಿಲಕ್ಕ ಅಂದ್ರೆ ಅವರಿಗೆ ಹಳೇ ಸೀರಿಯಲ್ಲಿನವಳೇ — ಮೂರು ಚಪ್ಪಾಳೆ, ಹೊಗೆ, ಫಳ್ ಅಂತ ಲೈಟು, ನೀಲಿ ಡ್ರೆಸ್. ವಾರವಾರ ಅದೇ ಶಾಟ್ ಎತ್ತಿ ಹಾಕ್ತಿದ್ರಂತೆ. ಅದಕ್ಕೂ ಮುಂಚೆ ಕಾಮಿಕ್ಸಲ್ಲಿ ಗೆಜ್ಜೆ ನೆಲಕ್ಕೆ ಬಡಿದ್ರೆ ಮಿಂಚು. ಈಗಿನ ವೆಬ್ ಸೀರೀಸಲ್ಲಿ ವಾಚ್ ಮುಟ್ತಾಳೆ, ಡ್ರೆಸ್ಸು ಇರುವೆ ಥರ ಮೈಮೇಲೆ ಹರ್ಕೊಂಡು ಬರುತ್ತೆ. ಅವಳು ಸುಮ್ನೆ ನಿಂತಿರ್ತಾಳೆ.

ಮೊಟ್ಟಮೊದಲ ಕಾಮಿಕ್ ಪುಸ್ತಕದಲ್ಲಿ ಹಂಗಲ್ಲ. ಟೈಪಿಂಗ್ ಟೀಚರ್ ಸರಸು, ಸೀರೆ ಉಟ್ಟವಳು, ಬಟ್ಟೆ ಒಣಹಾಕಿದ ಹಗ್ಗದ ಹಿಂದೆ ಹೋಗ್ತಾಳೆ. ಮುಂದಿನ ಚಿತ್ರದಲ್ಲಿ ಮುಗಿಲಕ್ಕ. ಅಷ್ಟೇ. ಆಮೇಲಿನದೆಲ್ಲ ಅವಳಿಗೆ *ಆಗೋದು*. ಇದೊಂದೇ ಅವಳು *ಮಾಡೋದು*.

ಗುಂಡ್ಲುಪೇಟೆ ಗುರುಮೂರ್ತಿ ಮಾವ ಕೊಟ್ಟ ಪುಸ್ತಕ. ಗಡಿ ಈಚೆ ನಮ್ಮ ಕಲ್ಲೂರಲ್ಲಿ ಸ್ಕೂಲೆಲ್ಲ ಮಲಯಾಳಂ — ನಾನು ಕನ್ನಡ ಅಕ್ಷರ ಕಲ್ತಿದ್ದೇ ಅದ್ರಿಂದ.

ನವೀನ್ ಬರೆದ. ಗ್ರೂಪ್ ಅಡ್ಮಿನ್, ಮೈಸೂರಿನವನು. ಅದೆಲ್ಲ ಚಿತ್ರ ಬರೆದವರ ಸೋಮಾರಿತನ, ಅಷ್ಟು ಬೇಗ ಯಾರಿಗೂ ಬದಲಿಸೋಕಾಗಲ್ಲ ಅಂತೆ. ಲೈಕೋ ಲೈಕು.

ಜುಲೈ 13

ಫ್ಯಾನ್ ಫಿಲ್ಮ್ ಮಾಡ್ತಾರಂತೆ! ಮುಗಿಲಕ್ಕನ ಪಾರ್ಟಿಗೆ ಇಬ್ಬರ ಹೆಸರು. ನಂದು, ಮೈಸೂರಿನ ಪ್ರೇಮಲತಾದು.

ನವೀನ್ ಚಾಲೆಂಜ್ ಹಾಕಿದ. ನಾನು ಲೈವ್ ಬಂದು ಸೀರೆಯಿಂದ ನೀಲಿ ಡ್ರೆಸ್ಸಿಗೆ ಬದಲಾಗಿ ತೋರಿಸ್ಬೇಕು. ಕಟ್ ಇರಬಾರದು. ಡ್ರೆಸ್ ಮೊದಲೇ ಒಳಗೆ ಹಾಕಿರಬಾರದು. ಸೀರಿಯಲ್ ಟೈಟಲ್ ಮ್ಯೂಸಿಕ್ ಮುಗಿಯೋದ್ರೊಳಗೆ ಆಗ್ಬೇಕು. ಆದ್ರೆ ಪಾರ್ಟು ನಂದು, ಫಿಲ್ಮಲ್ಲೂ ಮೊದಲ ಪುಸ್ತಕದ ಥರಾನೇ. ಆಗದಿದ್ರೆ ಪ್ರೇಮಲತಾ, ಬದಲಾಗೋಕೆ ಆ್ಯಪಲ್ಲಿ ಹಾಕಿದ ಮಿಂಚು.

ಓಕೆ ಅಂತ ಕಳಿಸಿಬಿಟ್ಟೆ.

ಜುಲೈ 20

ಹಗ್ಗದ ಮೇಲೆ ಬೆಡ್‌ಶೀಟ್ ಹಾಕಿ ಅದರ ಹಿಂದೆ ಪ್ರಾಕ್ಟೀಸ್. ಒಳಗೆ ಟೀಶರ್ಟು ಲೆಗಿಂಗ್ಸು ಇದೆ, ಅದರ ಮೇಲೇ ಎಲ್ಲ. ಸೀರೆ ಪಿನ್ನು ಬಿಚ್ಚೋದ್ರೊಳಗೆ ಮ್ಯೂಸಿಕ್ ಖತಂ. ಗಾಳಿಗೆ ಬೆಡ್‌ಶೀಟ್ ಹಾರಿಹೋಯ್ತು. ನಾನು ಕೆಸರಲ್ಲಿ. ಫೋನ್ ಹಿಡಿದಿದ್ದ ಶೀಜ — ಪಕ್ಕದ್ಮನೆಯವಳು, ನನ್ನ ವಾಲಿಬಾಲ್ ಟೀಮು — ನಕ್ಕೂ ನಕ್ಕೂ ಕೂತೇಬಿಟ್ಳು.

ಅಮ್ಮನಿಗೆ ಗೊತ್ತಾಯ್ತು. ಡಿಗ್ರಿ ಓದೋ ಹುಡುಗಿ, ಲೋಕಕ್ಕೆಲ್ಲ ಬಟ್ಟೆ ಬದಲಿಸಿ ತೋರಿಸ್ತೀಯಾ ಅಂದ್ಳು. ಮಾತು ಬಿಟ್ಟಿದ್ದಾಳೆ.

ಆಗಸ್ಟ್ 3, ರಾತ್ರಿ

ಸಿಕ್ತು!!

ಮೀನಂಗಡಿ ಅನ್ನೋ ಊರಲ್ಲಿ ವಾಲಿಬಾಲ್ ಮ್ಯಾಚು. ಗ್ರೌಂಡಲ್ಲಿ ಬಟ್ಟೆ ಬದಲಿಸೋಕೆ ರೂಮಿಲ್ಲ, ಎಂದಿನ ಹಂಗೆ. ಶೀಜ ಚೂಡಿದಾರದ ಮೇಲೆ ಅವಳಮ್ಮನ ನೈಟಿ ಇಳಿಬಿಟ್ಕೊಂಡ್ಳು, ಒಳಗೇ ಏನೋ ಗುದ್ದಾಡಿದ್ಳು, ನೈಟಿ ಬಿತ್ತು — ಜೆರ್ಸಿ! ನಾನೂ ಎಷ್ಟು ಸಲ ಮಾಡಿಲ್ಲ. ಇವತ್ತು ಮಾತ್ರ ಬಾಯಿ ಬಿಟ್ಕೊಂಡು ನೋಡಿದೆ.

ಮನೆಗೆ ಬಂದು ಪುಸ್ತಕ ತೆಗೆದೆ. ಮುಗಿಲಕ್ಕನ ಕಾಲ ಹತ್ರ ಹೂವಿನ ಬಟ್ಟೆ ಒಂದು ಬಿದ್ದಿದೆ. ಹಗ್ಗದಿಂದ ಜಾರಿದ ಬೆಡ್‌ಶೀಟು ಅಂತ ಎಲ್ಲರೂ ಅಂದ್ಕೊಂಡಿದ್ವಿ. ಅದಕ್ಕೆ ತೋಳಿದೆ!

ಆಗಸ್ಟ್ 9

ಹಳೇ ನೈಟಿ ಹಾಕ್ಕೊಂಡು ಅಮ್ಮನ ಮುಂದೆ ಅಡುಗೆಮನೇಲೇ ಮಾಡಿ ತೋರಿಸಿದೆ. ಸೌಟು ಹಿಡ್ಕೊಂಡು ನೋಡಿದ್ಳು.

"ಎಲ್ಲಿ, ಏನೂ ಕಾಣ್ಲೇ ಇಲ್ವಲ್ಲೇ."

ಒಳಗೆ ಹೋದ್ಳು. ಬೀರುವಿಂದ ಗಿಳಿಹಸಿರು ನೈಟಿ ತಂದ್ಳು, ಇನ್ನೂ ತೊಟ್ಟಿಲ್ಲ, ಇಸ್ತ್ರಿ ಮುರಿದಿಲ್ಲ.

"ಇದ್ರಲ್ಲಿ ಮಾಡು. ಆ ಹಳೇದು ಹಾಕ್ಕಂಡು ಜನದ ಮುಂದೆ ನಿಂತು ಮಾನ ಕಳೀಬ್ಯಾಡ."

ಆಗಸ್ಟ್ 16, ಸಂಜೆ

ಆಯ್ತು. ಆಯ್ತು ಆಯ್ತು ಆಯ್ತು.

ಕಲ್ಲೂರಿನ ನಮ್ಮ ಹಿತ್ತಲು. ಮಳೆ ಬಿಟ್ಟಿತ್ತು. ಹಗ್ಗದ ಹಿಂದೆ ಹೋಗ್ಲೂ ಇಲ್ಲ, ಕ್ಯಾಮೆರಾ ಎದುರೇ ನಿಂತೆ. ಸೀರೆ ಮೇಲೆ ಅಮ್ಮನ ನೈಟಿ, ಕೈಯಲ್ಲಿ ಮಡಚಿದ ಡ್ರೆಸ್. ಪಿನ್ನು ಬಂತು, ಸೀರೆ ಕಾಲ್ಗೆ ಬಿತ್ತು, ಡ್ರೆಸ್ ಏರ್ತು. ಬೆಲ್ಟ್ ಮಾತ್ರ ಎಲ್ಲೋ ಸಿಕ್ಕಾಕ್ಕೊಂಡ್ತು. ಮ್ಯೂಸಿಕ್ ಕೊನೆಗೆ ಬರ್ತಿದೆ. ಬೆವರು ಕಣ್ಣಿಗೆ. ಹೋಯ್ತು, ಪಾರ್ಟು ಹೋಯ್ತು ಅನ್ಕೊಂಡೆ.

ಫೋನ್ ಹಿಂದೆ ನಿಂತಿದ್ದ ಅಮ್ಮ ಲೈವ್ ಅನ್ನೋದೇ ಮರ್ತಳು. "ಎಡಗೈ, ಎಡಗೈ ಒಳಗೆ ತಗೊಳ್ಳೇ!"

ತಗೊಂಡೆ. ಟಕ್. ನೈಟಿ ಕೆಳಗೆ. ನಾನು ಮುಗಿಲಕ್ಕ. ಮ್ಯೂಸಿಕ್ ಇನ್ನೂ ಢಂ ಢಂ ಅಂತಾನೇ ಇತ್ತು.

ಚಾಟಲ್ಲಿ ಹಾರ್ಟುಗಳ ಮಳೆ. ನವೀನ್ ಟೈಪ್ ಮಾಡ್ದ, ಅಳಿಸ್ದ, ಮತ್ತೆ ಮಾಡ್ದ — "ಒಪ್ಕೊಂಡೆ. ನೀನೇ ಮುಗಿಲಕ್ಕ." ಅದರ ಕೆಳಗೆ ಪ್ರೇಮಲತಾ: ಎಡಗೈ ಆಂಟಿಗೂ ಒಂದು ಪಾರ್ಟ್ ಕೊಡಿ.

ಶೀಜ ನನ್ನ ಎತ್ಕೊಂಡು ತಿರುಗಿಸಿದ್ಳು. ಅಮ್ಮ ನೈಟಿ ಕೊಡವಿ, ಕೆಸರಾಗಿದೆಯಾ ನೋಡಿ, ಮಡಚಿ, ಏನೂ ಆಗಿಲ್ಲ ಅನ್ನೋ ಥರ ಒಳಗೆ ಹೋದ್ಳು. ಕಿಟಕೀಲಿ ನೋಡಿದೆ. ಒಬ್ಬಳೇ ನಗ್ತಿದ್ಳು.

ಆಗಸ್ಟ್ 17

ಗ್ರೂಪ್ ತುಂಬಾ ನೈಟಿ ವಿಡಿಯೋ. ಚಾಮರಾಜನಗರದ ನರ್ಸ್ ಒಬ್ರು ಯೂನಿಫಾರ್ಮಿಂದ ಮುಗಿಲಕ್ಕ ಆಗಿದ್ದಾರೆ. ಪ್ರೇಮಲತಾನೂ ಹಾಕಿದ್ದಾಳೆ — ಚೆನ್ನಾಗೇ ಇದೆ, ಒಪ್ಕೋಬೇಕು.

ನವೀನ್ ಇನ್ನೂ ಬಿಡಲ್ಲ. ಏನೇ ಅನ್ನು, ಸೀರಿಯಲ್ಲಿಂದೇ ಗ್ರ್ಯಾಂಡು ಅಂತಾನೆ. ಉತ್ತರ ಟೈಪ್ ಮಾಡ್ತಿದ್ದೀನಿ. ಕಳಿಸೋ ಮುಂಚೆ ಇಲ್ಲಿ ಬರೆದಿಡ್ತೀನಿ —

ಗ್ರ್ಯಾಂಡೇ, ಇಲ್ಲ ಅನ್ನಲ್ಲ. ಆದ್ರೆ ಆ ಹೊಗೆ, ಆ ಲೈಟು, ಬೇರೆ ಯಾರೋ ಬಿಡ್ಬೇಕಲ್ಲ. ಲೈಟಿನವನು ಊಟಕ್ಕೆ ಹೋಗಿರ್ತಾನೆ, ಕಳ್ಳ ಬಂದೇಬಿಡ್ತಾನೆ. ಆಗ ನಿನ್ನ ಸೀರಿಯಲ್ಲಿನವಳು ಏನಪ್ಪಾ ಮಾಡ್ತಾಳೆ, ಚಪ್ಪಾಳೆ ತಟ್ಕೊಂಡೇ ನಿಂತಿರ್ತಾಳಾ?