ಹಾಲಕುರ್ವೆಯ ಬಾವಿ ಸಿಹಿಯೆಂದು ಬರೆದ ಬಗ್ಗೆ

ಹಾಲಕುರ್ವೆ,
ಫೆಬ್ರವರಿ 30, 2187

ಪೂಜ್ಯ ಪೂರ್ವಜರಲ್ಲಿ ವಿಜ್ಞಾಪನೆ.

ಫೆಬ್ರವರಿಗೆ ಮೂವತ್ತು ಬಂದದ್ದು ಹೇಗೆಂದು ಕೇಳಬೇಡಿ. ಬಿಸಿಲುಗಾಲ ಉದ್ದವಾದ ಹಾಗೆ ಎಲ್ಲವೂ ಉದ್ದವಾಗಿದೆ, ಆಯುಸ್ಸೊಂದನ್ನು ಬಿಟ್ಟು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ 'ಮಳೆಗಾಲ' ಎಂಬ ಮಾತು ನಮಗೂ ಹಾಗೆಯೇ ಇದೆ.

ನಾನು ಈ ಊರಿನ ಉಪ್ಪುಗಾರ್ತಿ. ಉಪ್ಪು ಮಾರುವವಳಲ್ಲ; ದಿನಾ ಬೆಳಿಗ್ಗೆ ಬಾವಿನೀರಿನ ಉಪ್ಪು ಅಳೆದು 'ಕೂಡುಪಟ್ಟಿ'ಗೆ ಬರೆಯುವವಳು. ಕರಾವಳಿಯ ಆರುನೂರು ಊರುಗಳು ತಮ್ಮ ನೀರು, ಗಾಳಿ, ಉಬ್ಬರದ ಅಳತೆಯನ್ನು ತಂದು ಸುರಿಯುವ ಪಟ್ಟಿ ಅದು. ಯಾವ ಗದ್ದೆಗೆ ಯಾವ ಬೀಜ, ಯಾವ ಊರು ಯಾವಾಗ ಗಂಟುಮೂಟೆ ಕಟ್ಟಬೇಕು, ಎಲ್ಲ ನಿರ್ಧಾರವೂ ಅದನ್ನು ನೋಡಿಯೇ. ಸೊನ್ನೆಯೆಂದರೆ ಸಿಹಿ. ಹತ್ತೆಂದರೆ ಎಮ್ಮೆಯೂ ಮುಖ ತಿರುಗಿಸುತ್ತದೆ.

ಪಟ್ಟಿ ಎಲ್ಲರಿಗೂ ತೆರೆದಿದೆ, ಹೆಣ್ಣು ನೋಡುವವರಿಗೂ. ಉಪ್ಪುನೀರಲ್ಲಿ ಬೆಳೆದವಳಿಗೆ ಬಸಿರು ನಿಲ್ಲುವುದಿಲ್ಲವೆಂಬ ಹೆದರಿಕೆಯಿಂದ ಅವರು ಜಾತಕ ಬಿಟ್ಟು ಬಾವಿಯ ಅಂಕಿ ನೋಡುತ್ತಾರೆ. ನನಗಿಂತ ಮೊದಲು ಉಪ್ಪುಗಾರ್ತಿಯಾಗಿದ್ದ ನನ್ನ ಸೋದರತ್ತೆ ಬೀರಮ್ಮ ಕರುಣಾಮಯಿ. ಊರಲ್ಲಿ ಯಾರದಾದರೂ ಸಂಬಂಧದ ಮಾತು ನಡೆದಿದ್ದರೆ ಏಳನ್ನು ಎರಡೆಂದು ಬರೆಯುತ್ತಿದ್ದಳು. ಕೇಳಿದರೆ, "ಮದ್ವೆ ಒಂದು ಮುಗೀಲಿ ಮಾರಾಯ್ತಿ, ನಾಳಿಂದ ಸರಿ ಬರದ್ರಾಯ್ತು" ಅನ್ನುತ್ತಿದ್ದಳು. ಊರಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಯರು ಇಪ್ಪತ್ತೆರಡು. ಆ ನಾಳೆ ಹದಿನಾಲ್ಕು ವರ್ಷ ಬರಲಿಲ್ಲ.

ಹದಿನೈದನೇ ವರ್ಷ ಹೊಳೆಯಾಚೆಯ ಕೋಟೆಗುಳಿ ಮುಳುಗತೊಡಗಿತು. ಸಿಹಿನೀರಿನ ಊರು ಯಾವುದೆಂದು ಅಲ್ಲಿಯವರು ಕೂಡುಪಟ್ಟಿ ನೋಡಿದರು. ಅದು ಪಾಪ, ನಮ್ಮನ್ನು ತೋರಿಸಿತು. ನಲವತ್ತು ಮನೆಯವರು ಕೊಡಪಾನ, ಕೋಳಿ, ಕೂಸುಗಳ ಸಮೇತ ದೋಣಿಯಲ್ಲಿ ಬಂದಿಳಿದರು. ನಾವು ವಾದ್ಯ ಬಾರಿಸಿ ಬರಮಾಡಿಕೊಂಡೆವು. ಅವರಲ್ಲೊಬ್ಬ ಮುದುಕಿ ಬಾವಿಯ ನೀರನ್ನು ಬಾಯಿಗೆ ಹಾಕಿ, ಮರ್ಯಾದೆಗೆಂದು ನುಂಗಿ, ಅತ್ತೆಯ ಮುಖ ನೋಡಿದಳು.

"ನಮ್ಮೂರ ನೀರೇ ಅಡ್ಡಿಲ್ಲಾಗಿತ್ತು, ತಂಗಿ."

ಅಷ್ಟರಲ್ಲಿ ಅವರ ಊರಿನ ಒಡ್ಡನ್ನು ಒಡೆದು ಗದ್ದೆಗಳನ್ನು ಸಮುದ್ರಕ್ಕೆ ಬಿಟ್ಟಾಗಿತ್ತು; ಹಿಂದೆ ಹೋಗುವಂತಿರಲಿಲ್ಲ. ಮುಂದಿನ ಬೇಸಿಗೆಯೊಳಗೆ ಹನ್ನೊಂದು ಕೂಸುಗಳನ್ನು ಹೂಳಿದೆವು. ಅತ್ತೆ ಮತ್ತೆ ಬಾವಿಕಟ್ಟೆ ಹತ್ತಲಿಲ್ಲ.

ಇದನ್ನೆಲ್ಲ ನಿಮಗೇಕೆ ಬರೆಯುತ್ತಿದ್ದೇನೆಂದರೆ, ಕೂಡುಪಟ್ಟಿಯ ಮೊದಲ ಸಾಲುಗಳು ನಿಮ್ಮ ಕೈಬರಹ. ಅಲ್ಲಿ ದಿನದಿನವೂ 'ಎಲ್ಲ ಸರಿಯಿದೆ' ಎಂದಿದೆ. ಅದೂ ಇಡೀ ತಿಂಗಳದ್ದು ಒಂದೇ ಶಾಯಿಯಲ್ಲಿ, ಕೂತಲ್ಲೇ ಬರೆದು ಮುಗಿಸಿದ ಹಾಗಿದೆ. ನಮ್ಮತ್ತೆಯ ಗುರುಗಳು ಯಾರೆಂದು ನನಗೆ ಅದನ್ನು ಕಂಡಾಗ ಗೊತ್ತಾಯಿತು. ದಯವಿಟ್ಟು ನಾಲಿಗೆಗೆ ತಾಗಿದ್ದನ್ನೇ ಬರೆಯಿರಿ.

ಇವತ್ತು ನನ್ನ ಮಗಳು ಬೆಳ್ಳಿಯನ್ನು ನೋಡಲು ಗಂಡಿನವರು ಹತ್ತು ಗಂಟೆಗೆ ಬರಬೇಕಿತ್ತು. "ಅವ್ವಿ, ಇವತ್ತೊಂದಿನ ಏಳು ಅಂತಾದ್ರೂ ಬರಿ" ಅಂದಳು. ಬಾವಿ ಒಂಬತ್ತಿತ್ತು. ಒಂಬತ್ತೇ ಬರೆದೆ. ಈಗ ಮಧ್ಯಾಹ್ನ. ಅವರಿಗೆಂದು ಮಾಡಿದ ಪಾಯಸದಲ್ಲಿ ಒಂದು ಲೋಟ ನನ್ನ ಮುಂದಿಟ್ಟು ಬೆಳ್ಳಿ ಒಳಗೆ ಹೋದಳು. ಇದ್ದ ಬೆಲ್ಲವನ್ನೆಲ್ಲ ಹಾಕಿದ್ದಾಳೆ. ಆದರೂ ಉಪ್ಪೇ ಮುಂದಿದೆ.

ಇಂತು ನಿಮ್ಮ ಮರಿಮಗಳ ಮರಿಮಗಳು,
ಹೊನ್ನಿ